ಜಡೆ ಯಾರ ತಲೆಯಲ್ಲಿ, ಹೇಳಿಕೆ ಯಾರ ಬಾಯಲ್ಲಿ

ತಲೆಗೂದಲಿಗೆ ಎಣ್ಣೆ, ಸೀಗೆಕಾಯಿ, ಬಾಚಣಿಗೆ ಯಾವುದೂ ಬಹಳ ದಿನ ತಾಕದೆ ಹೋದರೆ ಅದು ತನ್ನಷ್ಟಕ್ಕೆ ಹೆಣೆದುಕೊಳ್ಳುತ್ತದೆ. ಬೆವರು, ಧೂಳು, ಹೇನು ಸೇರಿ ಗಂಟು ಬೀಳುತ್ತದೆ, ಗಂಟು ಬೆಳೆದು ಹಗ್ಗವಾಗುತ್ತದೆ. ಪೋಲೆಂಡಿನ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಇಂಥ ಜಡೆಯವರು ಬೇಕಾದಷ್ಟಿದ್ದರು. ಮೈಯೊಳಗಿನ ರೋಗ ಕೂದಲಿನ ದಾರಿಯಲ್ಲಿ ಹೊರಬೀಳುತ್ತಿದೆ, ಕತ್ತರಿಸಿದರೆ ಕೇಡು ತಪ್ಪದು ಎಂದು ಅಲ್ಲಿಯವರು ನಂಬಿದ್ದರು. ಕ್ರಾಕೋವ್ ನಗರದ ವೈದ್ಯ ಯೂಜೆಫ್ ದಿಯೆಟ್ಲ್ ಇದು ರೋಗವಲ್ಲ, ತಲೆ ತೊಳೆಯದ್ದರ ಫಲ ಎಂದು ಪಟ್ಟು ಹಿಡಿದು ವಾದಿಸಿದ. ಕಾಲಕ್ರಮದಲ್ಲಿ ಅಲ್ಲಿ ಜಡೆಯೂ ಹೋಯಿತು, ಅದರ ಭಯವೂ ಹೋಯಿತು.

ಅದೇ ಗಂಟು ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಹುಡುಗಿಯ ತಲೆಯಲ್ಲಿ ಕಂಡರೆ ಜನ ಹೇಳಿದ್ದು ಒಂದೇ ಮಾತು: "ಎಲ್ಲವ್ವ ಬಂದಾಳ." ಜಡೆಗೆ ಭಂಡಾರ ಹಚ್ಚಿದರು, ಕತ್ತರಿ ತಾಕಿಸಿದರೆ ತಾಯಿ ಮುನಿದಾಳು ಎಂದರು. ಒಂದು ದೇಶದಲ್ಲಿ ರೋಗವಾದದ್ದು ಇನ್ನೊಂದು ದೇಶದಲ್ಲಿ ದೇವಿಯಾಯಿತು ಎಂಬುದು ವಿಚಿತ್ರವಾದರೂ ದೊಡ್ಡ ಒಗಟೇನಲ್ಲ; ಅರ್ಥವಾಗದ್ದಕ್ಕೆ ಮನುಷ್ಯ ಎಲ್ಲೆಡೆಯೂ ಏನಾದರೊಂದು ಹೆಸರಿಡುತ್ತಾನೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ತಲೆಗಳಿಗೆ ಜಡೆ ಬಿತ್ತು ಎನ್ನಿ. ಒಂದು ಉಳ್ಳವರ ಮನೆ, ಇನ್ನೊಂದು ದಲಿತ ಕೇರಿಯ ಗುಡಿಸಲು. ದೇವಿ ಒಬ್ಬಳೇ, ಕಾಡಾಟವೂ ಒಂದೇ. ಪರಿಹಾರ ಮಾತ್ರ ಒಂದೇ ಆಗಿರಲಿಲ್ಲ.

ಸವದತ್ತಿಯ ಎಲ್ಲವ್ವನ ಗುಡ್ಡಕ್ಕೆ ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಲಿಂಗಾಯತರು, ಮರಾಠರು, ಕುರುಬರು, ದಲಿತರು, ಗಡಿಯಾಚೆಯ ಕೊಲ್ಲಾಪುರ, ಸಾಂಗ್ಲಿಯ ಮಂದಿ, ಎಲ್ಲರ ಬಾಯಲ್ಲೂ ಉಧೋ ಉಧೋ. ಉಳ್ಳವರ ಮನೆಗೆ ಎಲ್ಲವ್ವನ ಕಾಡಾಟ ಬಂದರೆ ದೇವಿಯ ಬುಟ್ಟಿಯಾದ ಪಡ್ಡಲಗಿ ತುಂಬಿಸುತ್ತಿದ್ದರು, ದೇವಿಗೆ ಸೀರೆ ಉಡಿಸುತ್ತಿದ್ದರು, ದೇವಿಗೆ ಬಿಟ್ಟ ಹೆಂಗಸರಾದ ಜೋಗತಿಯರನ್ನು ಕರೆದು ಹೋಳಿಗೆಯ ಊಟ ಹಾಕುತ್ತಿದ್ದರು. ಅಲ್ಲಿಗೆ ಹರಕೆ ಮುಗಿಯುತ್ತಿತ್ತು. ತುಂಬಿಸಲು ಏನೂ ಇಲ್ಲದ ಮನೆಯಲ್ಲಿ ಹೇಳಿಕೆ ಬೇರೆಯೇ ಆಗುತ್ತಿತ್ತು: ಹುಡುಗಿಯನ್ನು ದೇವರಿಗೆ ಬಿಡಿ. ಹಾಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಹೆಣ್ಣುಮಕ್ಕಳು ಎಂಬುದನ್ನು ಸರ್ಕಾರದ ಸಮೀಕ್ಷೆಗಳೂ ಸಂಶೋಧಕರೂ ಒಂದೇ ದನಿಯಲ್ಲಿ ಹೇಳಿದ್ದಾರೆ. ಧರ್ಮ ಮತ್ತು ಅಧಿಕಾರದ ನಂಟನ್ನು ತಿಳಿಯಲು ಯುರೋಪಿನ ಇತಿಹಾಸಕ್ಕೆ ಹೋಗಬೇಕಾಗಿಲ್ಲ. ಜಡೆಯನ್ನು ಕಂಡವರು ಯಾರು, ಅದರ ಅರ್ಥ ಹೇಳಿದವರು ಯಾರು, ಹೇಳಿಕೆಯ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ಸಾಕು.

ಮುತ್ತು ಎಂದರೆ ಕೆಂಪು-ಬಿಳಿ ಮಣಿಗಳ ಸರ. ಹಿರಿಯ ಜೋಗತಿಯರು ಸೇರಿ ಹುಡುಗಿಗೆ ಅರಿಸಿನ ಹಚ್ಚಿ, ಹೊಸ ಸೀರೆ ಉಡಿಸಿ ಅದನ್ನು ಕಟ್ಟುತ್ತಿದ್ದರು. ಆಮೇಲೆ ಅವಳಿಗೆ ಮದುವೆಯಿಲ್ಲ, ಏಕೆಂದರೆ ಆಗಲೇ ಆಗಿದೆ. ಮಂಗಳವಾರ, ಶುಕ್ರವಾರ ಪಡ್ಡಲಗಿ ಹೊತ್ತು ಜೋಗ ಬೇಡುವುದು ಅವಳ ಪಾಲಿನ ಧರ್ಮ. ಮೈನೆರೆದ ಮೇಲೆ ಒಬ್ಬ 'ಇಟ್ಟುಕೊಂಡವ' ಬರುತ್ತಿದ್ದ, ಸಾಮಾನ್ಯವಾಗಿ ಹೊಲಮನೆ ಇದ್ದವ, ಮೇಲಿನ ಜಾತಿಯವ. ಹಗಲು ಮುಟ್ಟಿಸಿಕೊಳ್ಳದವನಿಗೆ ರಾತ್ರಿ ಅಡ್ಡಿಯಿರಲಿಲ್ಲ. ಹುಟ್ಟಿದ ಮಕ್ಕಳಿಗೆ ಅವನ ಹೆಸರಿಲ್ಲ, ಹೊಲವಿಲ್ಲ. ಅವನು ಬಿಟ್ಟುಹೋದ ಮೇಲೆ ಎಷ್ಟೋ ಮಂದಿಯ ದಾರಿ ಸಾಂಗ್ಲಿ, ಮಿರಜ, ಪುಣೆ, ಮುಂಬೈಯ ಕಾಮಾಟಿಪುರಕ್ಕೆ ಹೋಯಿತು. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರನ್ನು ದೇವರಿಗೆ ಬಿಟ್ಟಾಗ ಅವರಿಗೆ ಏಳು ವರ್ಷ. ಅವರ ಕಥೆಯ ಮುಂದಿನ ಭಾಗ ಬೇರೆ ಥರದ್ದು, ಅದಕ್ಕೆ ಬರುತ್ತೇನೆ.

ಇದನ್ನೆಲ್ಲ ಯಾರೋ ಕುಳಿತು ಹೂಡಿದ ಸಂಚು ಎಂದುಬಿಡುವುದು ಸುಲಭ, ಮತ್ತು ಹಳೆಯ ಚಾಳಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ನಾಟಕವೊಂದರ ಉಳಿದ ತುಣುಕಿನಲ್ಲಿ ಒಂದು ಪಾತ್ರ ಇದನ್ನೇ ಹೇಳುತ್ತದೆ: ಕಾನೂನು ಬಹಿರಂಗ ಅಪರಾಧವನ್ನಷ್ಟೇ ತಡೆಯಿತು, ಕದ್ದು ಮಾಡುವುದನ್ನು ತಡೆಯಲು ಒಬ್ಬ ಜಾಣ ದೇವರನ್ನು ಕಟ್ಟಿದ. ನಮ್ಮ ಕೌಟಿಲ್ಯನಿಗೆ ಇಷ್ಟು ತತ್ತ್ವವೂ ಬೇಕಿರಲಿಲ್ಲ. ಬೊಕ್ಕಸ ಬರಿದಾದಾಗ ರಾತ್ರೋರಾತ್ರಿ ದೇವರು ಉದ್ಭವಿಸಿದಂತೆ ಮಾಡಿ ಜಾತ್ರೆ ನಡೆಸಿ ಹಣ ಎತ್ತಬಹುದು, ಮರದಲ್ಲಿ ಪಿಶಾಚಿ ತೋರಿಸಿ ಶಾಂತಿಗೆಂದು ಹೊನ್ನು ಕೇಳಬಹುದು, ಬಾವಿಯಲ್ಲಿ ಹಲವು ಹೆಡೆಯ ಹಾವು ತೋರಿಸಿ ನೋಡಲು ಬಂದವರಿಂದ ಕಾಣಿಕೆ ಪಡೆಯಬಹುದು ಎಂದು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಬರೆದಿಟ್ಟಿದ್ದಾನೆ. ನಂಬದವನು ಸಿಕ್ಕರೆ? ಅವನ ಆಚಮನದ ನೀರಿಗೆ ಮದ್ದು ಬೆರೆಸಿ, ದೇವರ ಶಾಪ ತಟ್ಟಿತು ಎಂದು ಸಾರಬೇಕಂತೆ. ನಾಚಿಕೆಯ ಲವಲೇಶವೂ ಇಲ್ಲದ ಈ ಪುಟಗಳನ್ನು ಓದಿದರೆ ಈಗಿನ ಢೋಂಗಿ ಬಾಬಾಗಳು ಎಳಸು ಅನ್ನಿಸುತ್ತಾರೆ.

ಆದರೂ ಕೌಟಿಲ್ಯನ ಯುಕ್ತಿ ಫಲಿಸಬೇಕಾದರೆ ಜನ ಅದಕ್ಕೆ ಮೊದಲೇ ನಂಬುವವರಾಗಿರಬೇಕಲ್ಲ? ಮರದ ಭೂತವನ್ನು ಅವನು ಹುಟ್ಟಿಸಲಿಲ್ಲ, ಇದ್ದ ಭೂತವನ್ನು ದುಡಿಸಿಕೊಂಡ. ಹುಟ್ಟು ಬೇರೆ, ಬಳಕೆ ಬೇರೆ. ತುರ್ಕಿಯ ಗೋಬೆಕ್ಲಿ ಟೆಪೆಯಲ್ಲಿ 1995ರಿಂದ ಅಗೆದಾಗ ಸಿಕ್ಕ ಬೃಹತ್ ಕಲ್ಲುಕಂಬಗಳು ಸುಮಾರು ಹನ್ನೊಂದು ಸಾವಿರ ವರ್ಷ ಹಳೆಯವು. ಅವನ್ನು ನಿಲ್ಲಿಸಿದವರಿಗೆ ಬೇಸಾಯ ಗೊತ್ತಿರಲಿಲ್ಲ, ರಾಜ, ಸೈನ್ಯ, ಕಂದಾಯ ಯಾವುದೂ ಇರಲಿಲ್ಲ. ಪಾಪಕ್ಕೆ ಶಿಕ್ಷೆ ಕೊಡುವ ದೇವರು ಮೊದಲು ಬಂದು ದೊಡ್ಡ ಸಮಾಜ ಆಮೇಲೆ ಕಟ್ಟಿತೋ, ಸಮಾಜ ಬೆಳೆದ ಮೇಲೆ ಅಂಥ ದೇವರು ಬಂದನೋ ಎಂಬುದರ ಮೇಲೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಸಮಾಜವೇ ಮೊದಲು ಎಂದು ಸಾಧಿಸಿ 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು, ದತ್ತಾಂಶ ಬಳಸಿದ ರೀತಿಯ ಮೇಲೆ ಆಕ್ಷೇಪ ಎದ್ದದ್ದರಿಂದ, ಬರೆದವರೇ 2021ರಲ್ಲಿ ಹಿಂದಕ್ಕೆ ಪಡೆದರು. ಆದಿಯನ್ನು ಕಂಡವರಂತೆ ಮಾತಾಡುವವರನ್ನು, ಅವರು ಆಸ್ತಿಕರಿರಲಿ ನಾಸ್ತಿಕರಿರಲಿ, ಸ್ವಲ್ಪ ದೂರ ಇಡುವುದು ಒಳ್ಳೆಯದು.

ನಮ್ಮ ಸೀಮೆಯ ಆದಿ ಅಷ್ಟು ದೂರದ್ದಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಹೋದರೆ ಭಂಡಾರದ ಹಳದಿಯಲ್ಲಿ ಮನುಷ್ಯರೂ ಎತ್ತುಗಳೂ ಒಂದೇ ಬಣ್ಣವಾಗಿರುತ್ತಾರೆ. ಮಾಯಕ್ಕನ ಆ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವವರೇ ಬಹಳ, ಅವರಲ್ಲಿ ಧನಗರ ಕುರಿಗಾರರು ಎದ್ದು ಕಾಣುತ್ತಾರೆ. ಮಳೆಗಾಲಕ್ಕೊಂದು ಕಡೆ, ಬೇಸಿಗೆಗೊಂದು ಕಡೆ ಕುರಿ ಹೊಡೆದುಕೊಂಡು ಹೋಗುವ ಜನಕ್ಕೆ ದಾರಿಯ ಭಯಕ್ಕೊಂದು, ಮಂದೆಯ ರೋಗಕ್ಕೊಂದು, ಕೂಡುವ ಕಟ್ಟೆಗೊಂದು ದೈವ ಬೇಕಿತ್ತು. ಜರ್ಮನಿಯಿಂದ ಬಂದ ಗುಂಥರ್ ಸೊಂಥೈಮರ್ ಬೀರೋಬಾ, ಮ್ಹಸ್ಕೋಬಾ, ಖಂಡೋಬಾರ ಜಾಡು ಹಿಡಿದು ಈ ಕುರಿಗಾರರ ಹಿಂದೆ ವರ್ಷಗಟ್ಟಲೆ ಅಲೆದ. ನಮ್ಮವರೇ ಆದ ಶಂ. ಬಾ. ಜೋಶಿ 'ಹಾಲುಮತ ದರ್ಶನ'ದಲ್ಲಿ ಕನ್ನಡ, ಮರಾಠಿ ಸಂಸ್ಕೃತಿಗಳೆರಡರ ಬುಡವನ್ನೂ ಪಶುಪಾಲಕರ ಕಂಬಳಿಯ ಮೇಲೆ ಹುಡುಕಿದರು. ಈ ದೈವಗಳ ಹುಟ್ಟಿನಲ್ಲಿ ಆಳುವವರ ಕೈ ನನಗೆ ಕಾಣುವುದಿಲ್ಲ. ಹಸಿವು, ರೋಗ, ಹೆರಿಗೆ, ಮಳೆ ಕಾಣುತ್ತವೆ.

ಎಲ್ಲಮ್ಮನ ವಿಷಯದಲ್ಲಿ ಹುಟ್ಟು ಮತ್ತು ಬಳಕೆಯ ನಡುವಿನ ಬಿರುಕು ಇನ್ನೂ ಸ್ಪಷ್ಟ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪವಿದೆ. ಹೆರುವ ಭಂಗಿಯಲ್ಲಿ ಕಾಲು ಅಗಲಿಸಿದ ತಾಯಿ, ತಲೆಯ ಜಾಗದಲ್ಲಿ ಕಮಲ. ಮರಾಠಿಯ ದೊಡ್ಡ ಸಂಶೋಧಕ ರಾ. ಚಿಂ. ಢೇರೆ ಈ ತಲೆಯಿಲ್ಲದ ತಾಯಿಗೂ ರೇಣುಕೆ-ಎಲ್ಲಮ್ಮನಿಗೂ ಹುತ್ತದ ಪೂಜೆಗೂ ನಂಟು ಹೆಣೆದು ತೋರಿಸಿದರು. ಈ ಜಾಡಿನಲ್ಲೇ ಇನ್ನೊಂದು ಹೆಜ್ಜೆ ಹೋದರೆ ನನಗೆ ಅನ್ನಿಸುವುದು ಇದು: ಫಲ ಕೊಡುವ ಭೂಮಿಗೆ ಮುಖ ಬೇಕಿರಲಿಲ್ಲ, ಆದ್ದರಿಂದ ತಾಯಿಗೆ ತಲೆ ಇರಲಿಲ್ಲ. ಆಮೇಲೆ ಬಂದವರು ತಲೆ ಎಲ್ಲಿ ಹೋಯಿತು ಎಂದು ಕೇಳಿದರು, ಉತ್ತರವಾಗಿ ಪುರಾಣ ಬಂತು. ನೀರಿಗೆ ಹೋದ ರೇಣುಕೆ ಜಲಕ್ರೀಡೆಯಾಡುವ ಗಂಧರ್ವನನ್ನು ನೋಡಿದಳು, ಮನಸ್ಸು ಕದಲಿತು, ಮರಳಿನ ಕೊಡ ನಿಲ್ಲಲಿಲ್ಲ, ಜಮದಗ್ನಿ ಸಿಟ್ಟಾದ, ಮಗ ಪರಶುರಾಮ ಕೊಡಲಿ ಎತ್ತಿದ. ಮುಟ್ಟಲಿಲ್ಲ, ಮಾತಾಡಲಿಲ್ಲ, ಬರೀ ನೋಡಿದ್ದಕ್ಕೆ ತಲೆ ಹೋಯಿತು! ಹೆರುವ ತಾಯಿಯ ವಿಗ್ರಹ ಹೆಂಡತಿಯ ಕಣ್ಣಿಗೆ ಕಾವಲಾಯಿತು. ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆದುಕೊಂಡು ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುವ ಆಚರಣೆಯಲ್ಲಿ ದೇವಿಯೂ ಗಂಡನ ಬದುಕು-ಸಾವಿಗೆ ಕಟ್ಟುಬಿದ್ದವಳೇ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸಲೀಸು. ಆದರೆ ತಾಯಿ-ತಂದೆಗಳು ಹೆತ್ತ ಮಗಳನ್ನು ಬಿಟ್ಟದ್ದಾದರೂ ಏಕೆ ಎಂದು ಕೇಳಿದರೆ ಬರೀ ಮೂಢನಂಬಿಕೆ ಎಂಬ ಉತ್ತರ ಸಾಲುವುದಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಡುವುದು ಈ ಕಡೆಯ ರೂಢಿಯಾಗಿತ್ತು. ಬಿಟ್ಟ ಮಗಳು ಗಂಡನ ಮನೆಗೆ ಹೋಗುತ್ತಿರಲಿಲ್ಲ, ತವರಲ್ಲೇ ಉಳಿದು ಮುಪ್ಪಿನವರನ್ನು ಸಾಕುತ್ತಿದ್ದಳು. ರೂಢಿಯಲ್ಲಿ ಅವಳಿಗೆ ಮಗನ ಸ್ಥಾನ, ಅಪ್ಪನ ತುಂಡು ಹೊಲದ ಮೇಲೆ ಮಗನ ಹಕ್ಕು. ಮದುವೆಯಾಗಿ ಹೋದ ಅಕ್ಕನಿಗೆ ಆ ಹಕ್ಕು ಇರಲಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅಲ್ಲಿಯವರೆಗೆ ಈ ಸೀಮೆಯಲ್ಲಿ ಹೆಣ್ಣು ಮಗನಂತಾಗುವ ಒಂದು ಬಾಗಿಲೆಂದರೆ ಎಲ್ಲಮ್ಮನ ಬಾಗಿಲು, ಮತ್ತು ಅದರ ಸುಂಕ ಅವಳ ಮೈ.

ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರ‍್ಯಾಂಬರ್ಗ್ ಈ ಗಡಿ ಸೀಮೆಯ ಜೋಗತಿಯರ ನಡುವೆ ಇದ್ದು 2014ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದೇವಿಯೊಂದಿಗಿನ ಇವರ ಮದುವೆ ಸುಳ್ಳು ಮದುವೆಯಲ್ಲ, ಅದಕ್ಕೆ ತನ್ನದೇ ಆದ ಬಂಧುತ್ವದ ಲೆಕ್ಕವಿದೆ, ಸುಧಾರಕರು ಜಡೆ ಕತ್ತರಿಸುವಾಗ ಆ ಹೆಂಗಸರ ಪೂಜಾರಿಕೆಯ ಅಧಿಕಾರವನ್ನೂ ಕತ್ತರಿಸುತ್ತಾರೆ ಎಂಬುದು ಅವರ ವಾದ. ದಲಿತ ಹೆಂಗಸು ಪಡ್ಡಲಗಿ ಹೊತ್ತು ಬಂದರೆ ಮೇಲ್ಜಾತಿಯ ಮನೆಯಾಕೆ ಹೊರಬಂದು ಕೈಮುಗಿಯುತ್ತಿದ್ದಳು ಎಂಬುದು ನಿಜವೇ. ಆದರೆ ಆ ಗೌರವದ ಬೆಲೆಯನ್ನು ಏಳು ವರ್ಷದವಳು ತೆರಬೇಕಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ರ‍್ಯಾಂಬರ್ಗ್ ಅವರ ಜೊತೆ ನಾನು ಅರ್ಧ ದಾರಿಯವರೆಗೆ ಮಾತ್ರ ಹೋಗಬಲ್ಲೆ.

ಆಸ್ತಿ ಹಕ್ಕಿನ ಈ ಗಂಟನ್ನು ಬಹಳ ಮೊದಲೇ ಕಂಡ ಆಡಳಿತಗಾರ ಕೊಲ್ಲಾಪುರದ ಶಾಹೂ ಮಹಾರಾಜ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ ಮಹಾಲು. ಸುತ್ತಲಿನ ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬೈ ಪ್ರಾಂತ್ಯದವು. ವೈದಿಕರು ತನ್ನ ಅರಮನೆಯಲ್ಲೇ ತನ್ನನ್ನು ಶೂದ್ರನೆಂದು ಎಣಿಸಿ ವೇದೋಕ್ತ ವಿಧಿ ನಿರಾಕರಿಸಿದ್ದನ್ನು ಶಾಹೂ ಮರೆಯಲಿಲ್ಲ. 1902ರಲ್ಲಿ ಹಿಂದುಳಿದವರಿಗೆ ಶೇ. 50ರಷ್ಟು ಹುದ್ದೆ ಮೀಸಲಿಟ್ಟರು, 1918ರಲ್ಲಿ ಮಹಾರ ವತನ ತೆಗೆದರು, 1920ರ ಜನವರಿಯಲ್ಲಿ ಜೋಗತಿಯರ ಮತ್ತು ಮದುವೆಯಾಚೆ ಹುಟ್ಟಿದ ಮಕ್ಕಳ ಕುರಿತು ಕಾಯ್ದೆ ಹೊರಡಿಸಿದರು. ಮುಂಬೈ ಪ್ರಾಂತ್ಯ ದೇವದಾಸಿ ಕಾಯ್ದೆ ಮಾಡಿದ್ದು 1934ರಲ್ಲಿ. ವತನವನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಸತ್ತ ದನ ಎಳೆಯುವುದು, ಸಾಹೇಬರ ಕುದುರೆಯ ಮುಂದೆ ಓಡುವುದು, ಊರಿನ ಬಿಟ್ಟಿ ದುಡಿಯುವುದು, ಇದಕ್ಕೆಲ್ಲ ಪ್ರತಿಯಾಗಿ ಒಂದು ಚೂರು ನೆಲ. ಇದೇ ವತನದ ವ್ಯವಸ್ಥೆ. ಹುಟ್ಟಿನಿಂದ ಬಂದ ಕೆಲಸವನ್ನು ಬಿಡುವುದು ಅಧರ್ಮ ಎಂಬ ನಂಬಿಕೆಯೇ ಅದಕ್ಕೆ ಹಾಕಿದ ಬೀಗ. ಗಂಡಸಿನ ದುಡಿಮೆಯನ್ನು ವತನ ಕಟ್ಟಿಹಾಕಿದರೆ ಅದೇ ಕೇರಿಯ ಹೆಂಗಸಿನ ಮೈಯನ್ನು ಮುತ್ತು ಕಟ್ಟಿಹಾಕಿತು.

ಕಾಗಲ್ ಬಳಿಯ ಮಾಣಗಾವಿನಲ್ಲಿ 1920ರ ಮಾರ್ಚ್‌ನಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಯುವಕ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ಸಿಕ್ಕಿದ್ದಾನೆ ಎಂದಿದ್ದರು. ಐದು ವರ್ಷದ ಮೇಲೆ, 1925ರ ಏಪ್ರಿಲ್‌ನಲ್ಲಿ, ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಇದೇ ಸೀಮೆಯ ನಿಪ್ಪಾಣಿಯಲ್ಲಿ ಸೇರಿತು, ಅಂಬೇಡ್ಕರ್ ಬಂದರು. ಮುಂದೆ 'ಜಾತಿ ವಿನಾಶ'ದಲ್ಲಿ ಅವರು ಧರ್ಮದ ತತ್ತ್ವ ಬೇರೆ, ಕಟ್ಟಳೆ ಬೇರೆ ಎಂದು ಬಿಡಿಸಿ ಹೇಳಿದರು: ತತ್ತ್ವ ಮನುಷ್ಯನನ್ನು ಯೋಚಿಸಲು ಬಿಡುತ್ತದೆ, ಕಟ್ಟಳೆ ಬರೀ ಪಾಲಿಸು ಎನ್ನುತ್ತದೆ.

ದೇವಿಯ ಗುಡಿಯತ್ತ ಮಾತ್ರ ಬೆರಳು ತೋರಿಸಿದರೆ ಅನ್ಯಾಯವಾದೀತು. ವೇದದ ಯಜ್ಞವನ್ನು ಧಿಕ್ಕರಿಸಿ, ಜಗತ್ತಿಗೆ ಸೃಷ್ಟಿಕರ್ತನೇ ಇಲ್ಲ ಎಂದ ಜೈನಧರ್ಮಕ್ಕೆ ಈ ಸೀಮೆ ನೆಲೆ. ಕಾಗವಾಡ, ಶೇಡಬಾಳ, ಉಗಾರ ಕಡೆ ಜೈನರು ವ್ಯಾಪಾರಿಗಳಲ್ಲ, ನೇಗಿಲು ಹಿಡಿದ ಒಕ್ಕಲಿಗರು. ವೇದಗಂಗಾ, ದೂಧಗಂಗಾ ನದಿಗಳು ಕೂಡುವಲ್ಲಿರುವ ಭೋಜ ಗ್ರಾಮದ ಸಾತಗೌಡ ಪಾಟೀಲರು ಆಚಾರ್ಯ ಶಾಂತಿಸಾಗರರಾಗಿ, ಬತ್ತಿಹೋಗುತ್ತಿದ್ದ ದಿಗಂಬರ ಮುನಿ ಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಜೀವ ಕೊಟ್ಟರು. ಬರಿಗಾಲಲ್ಲಿ ದೇಶ ತಿರುಗಿದ ಆ ಮುನಿಯ ತಪಸ್ಸಿನ ಬಗ್ಗೆ ಎರಡು ಮಾತಿಲ್ಲ. ಮುಂಬೈ ಸರ್ಕಾರ 1947ರಲ್ಲಿ ಹರಿಜನ ದೇವಸ್ಥಾನ ಪ್ರವೇಶ ಕಾಯ್ದೆ ತಂದು ಅದರಲ್ಲಿ ಜೈನ ಬಸದಿಗಳನ್ನೂ ಸೇರಿಸಿದಾಗ ಆಚಾರ್ಯರು 1948ರಲ್ಲಿ ಧಾನ್ಯ ತ್ಯಜಿಸಿದರು. ಸುಮಾರು ಮೂರು ವರ್ಷ ಅನ್ನ ಮುಟ್ಟಲಿಲ್ಲ. ಸೋಲಾಪುರ ಜಿಲ್ಲೆಯ ಅಕಲೂಜಿನ ಬಸದಿಯ ಮೊಕದ್ದಮೆಯಲ್ಲಿ 1951ರಲ್ಲಿ ಮುಂಬೈ ಹೈಕೋರ್ಟ್, ಬಸದಿಯ ಒಳಗೆ ಹೋಗಲು ಹಿಂದೂಗಳಿಗೇ ರೂಢಿಯ ಹಕ್ಕಿಲ್ಲದಿದ್ದರೆ ಈ ಕಾಯ್ದೆಯಿಂದ ಹರಿಜನರಿಗೆ ಹೊಸ ಹಕ್ಕು ಹುಟ್ಟದು ಎಂದಿತು. ಆಮೇಲೆ ಆಚಾರ್ಯರು ಧಾನ್ಯ ಸ್ವೀಕರಿಸಿದರು.

ಜೈನರಿಗೆ ಅದು ನಾವು ಹಿಂದೂಗಳಲ್ಲ, ಸ್ವತಂತ್ರ ಧರ್ಮದವರು ಎಂಬ ಅಸ್ತಿತ್ವದ ಪ್ರಶ್ನೆ, ಆ ವಾದದಲ್ಲಿ ಹುರುಳೂ ಇತ್ತು. ಆದರೆ ಆ ಪ್ರಶ್ನೆ ಇತ್ಯರ್ಥವಾಗುವಾಗ ಬಾಗಿಲ ಹೊರಗೆ ಉಳಿದವರು ಯಾರು? ಮುತ್ತು ಕಟ್ಟಿಸಿಕೊಂಡವಳ ಕೇರಿಯವರೇ. ಎಲ್ಲಮ್ಮನ ಗುಡಿ ಅವರನ್ನು ಒಳಗೆ ಕರೆದು ಕಟ್ಟಿಹಾಕಿತು, ಬಸದಿ ಹೊರಗೇ ನಿಲ್ಲಿಸಿತು. ಜಾತಿಯನ್ನೇ ಅಳಿಸಲು ಹೊರಟ ಶರಣರ ಹೆಸರಿನಲ್ಲಿ ಬೆಳೆದ ಸಮಾಜದಲ್ಲಿ ಒಳಪಂಗಡಗಳ ಪಟ್ಟಿ ಎಷ್ಟು ಉದ್ದ ಎಂಬುದನ್ನು ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ.

ಎಲ್ಲಮ್ಮನ ಹೆಸರಿನ ಕಟ್ಟು ಸಡಿಲವಾದದ್ದು ದೇವರಿಲ್ಲ ಎಂದು ಯಾರೋ ಸಿದ್ಧ ಮಾಡಿದ್ದರಿಂದಲ್ಲ. ಕರ್ನಾಟಕದ 1982ರ ಕಾಯ್ದೆ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು, ಹೆತ್ತವರೋ ಬಂಧುಗಳೋ ಆಗಿದ್ದರೆ ಐದು ವರ್ಷದವರೆಗೆ ಎಂದಿತು. ಗುಡ್ಡದ ಮೇಲೆ ಪೊಲೀಸರು ಬಂದರು. ಮುತ್ತು ಮನೆಯೊಳಗೆ, ಕತ್ತಲಲ್ಲಿ ಕಟ್ಟತೊಡಗಿದರು. ಸರ್ಕಾರದ 1993–94ರ ಸಮೀಕ್ಷೆಯಲ್ಲಿ 22,873 ಮಂದಿ ಸಿಕ್ಕಿದ್ದರು, 2007–08ರಲ್ಲಿ ಮತ್ತೆ 23,787 ಹೆಸರು ಸೇರಿದವು. ನಿಜವಾದ ಬದಲಾವಣೆ ಬಂದದ್ದು ದೇವದಾಸಿಯರೇ ಎದ್ದು ನಿಂತಾಗ. ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡಾ ಸಂಸ್ಥೆ ಘಟಪ್ರಭಾದಲ್ಲಿ ಆರಂಭಿಸಿದ ಕೆಲಸದಿಂದ 1997ರಲ್ಲಿ ಅವರದೇ ಸಂಘಟನೆ 'ಮಾಸ್' ಹುಟ್ಟಿತು. ಕಬ್ಬೂರಿನ ಸೀತವ್ವ ಅದನ್ನು ಮುನ್ನಡೆಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಈ ಹೆಂಗಸರು ಭಾಷಣ ಬಿಗಿಯಲಿಲ್ಲ. ತಲೆ ತೊಳೆದು ಎಣ್ಣೆ ಹಚ್ಚಿ ಜಡೆ ಬಿಡಿಸಿದರು, ಬಿಡದಿದ್ದರೆ ಕತ್ತರಿಸಿದರು. ತಮ್ಮ ಜಡೆ ಕತ್ತರಿಸಿಕೊಂಡೂ ಬದುಕಿ ನಿಂತವರು ಎದುರಿಗಿದ್ದಾಗ ತಾಯಿ ಮುನಿದಾಳು ಎಂಬ ಹೆದರಿಕೆ ಎಷ್ಟು ದಿನ ನಿಂತೀತು? ಉಳಿತಾಯ ಗುಂಪು, ಎಮ್ಮೆ, ಸಾಲ, ಪಿಂಚಣಿ, ಮಕ್ಕಳ ಶಾಲೆ, ಇವು ಆಮೇಲೆ ಬಂದವು. ಬಹಳ ಮಂದಿ ಈಗಲೂ ಎಲ್ಲವ್ವನಿಗೆ ನಡೆದುಕೊಳ್ಳುತ್ತಾರೆ. ಮಗಳನ್ನು ಮಾತ್ರ ಬಿಡುವುದಿಲ್ಲ.

1982ರ ಕಾಯ್ದೆ ಪೂಜಾರಿಯನ್ನು ಹಿಡಿಯಿತು, ತಾಯಿಯನ್ನು ಹಿಡಿಯಿತು, ಹಿರಿಯ ಜೋಗತಿಯನ್ನು ಹಿಡಿಯಿತು. 'ಇಟ್ಟುಕೊಂಡವ'ನ ಹೆಸರು ಅದರಲ್ಲಿ ಇರಲಿಲ್ಲ. ದೇವರು ಬೇಡಿದ್ದು ಎಂಬ ಮಾತಿನ ಮರೆಯಲ್ಲಿ ಅವನು ತಲೆಮಾರುಗಳ ಕಾಲ ಆರಾಮಾಗಿದ್ದ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆ ಮುಂದೆ ಬಂದಾಗ ತಲೆ ತಗ್ಗಿಸುತ್ತಿದ್ದವರು ಮಕ್ಕಳು. ರಾಜ್ಯ ವಿಧಾನಮಂಡಲ 2025ರಲ್ಲಿ ಒಪ್ಪಿದ ಹೊಸ ದೇವದಾಸಿ ಮಸೂದೆ ಆ ಖಾನೆಯನ್ನು ಕಡ್ಡಾಯದಿಂದ ತೆಗೆಯಿತು. ಜೊತೆಗೆ ಮಗುವಿಗೆ ತನ್ನ ತಂದೆ ಯಾರೆಂದು ಕೇಳಿ ತಿಳಿಯುವ, ಬೇಕಾದರೆ ಡಿಎನ್‌ಎ ಪರೀಕ್ಷೆ ಮಾಡಿಸುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. ಅಥಣಿ, ರಾಯಬಾಗದ ಹೊಳೆದಂಡೆಯಲ್ಲಿ ಕಬ್ಬು ಬೆಳೆಯುವ ಎಕರೆಗೆ ಈಗ ಏನು ಬೆಲೆ ಇದೆ ಎಂದು ಬಲ್ಲವರಿಗೆ, ಮೊದಲ ಅರ್ಜಿ ಬೀಳುವ ದಿನ ಯಾವ ಯಾವ ಮನೆಗಳಲ್ಲಿ ನಿದ್ದೆ ಹಾರುತ್ತದೆ ಎಂಬುದೂ ಗೊತ್ತಿರುತ್ತದೆ.